ಗೌಡ ಇಲ್ಲ, ಗೌ ಇದೆ

ಎಡಿನ್‌ಬರ್ಗ್‌ಗೆ ಹೋದ ಮೊದಲ ಚಳಿಗಾಲದಲ್ಲೇ ನಾನು 22 ಪೌಂಡ್ ಕೊಟ್ಟು ಬೇರೆ ಯಾರದೋ ಮನೆತನವನ್ನು ಕೊಂಡು ತಂದಿದ್ದೆ.

ಕೋಟೆಯಿಂದ ಇಳಿದು ಬರುವ ಬೀದಿಯಲ್ಲಿ ಪ್ರವಾಸಿಗರಿಗೆಂದೇ ತೆರೆದ ಅಂಗಡಿಗಳು ಸಾಲಾಗಿವೆ. ಅಂಥದೊಂದರ ಗಾಜಿನ ಮೇಲೆ ‘ನಿಮ್ಮ ಮನೆತನದ ಲಾಂಛನ, ಹತ್ತೇ ನಿಮಿಷದಲ್ಲಿ’ ಎಂದು ಬರೆದಿತ್ತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹೀಟರು. ನುಗ್ಗಿದೆ. ಕೌಂಟರಿನ ಹುಡುಗ ಹೆಸರು ಕೇಳಿದ. ಗೌಡ ಅಂದೆ. ಕಂಪ್ಯೂಟರಿನಲ್ಲಿ ಹುಡುಕಿ, “ಗೌಡ ಇಲ್ಲ ಸರ್, ಗೌ ಇದೆ. ನಡೆಯುತ್ತಾ?” ಎಂದ. ಸೋನಾ ಮಸೂರಿ ಇಲ್ಲ, ಐಆರ್ 64 ಇದೆ ಎಂದು ಅಕ್ಕಿ ಅಂಗಡಿಯವನು ಹೇಳಿದ ಹಾಗೆ! ನಗು ಬಂತು, ತಗೊಂಡೆ. ಮರದ ಹಲಗೆ, ನಡುವೆ ಏನೋ ಒಂದು ಪ್ರಾಣಿ, ಅದರ ಸುತ್ತ ಬಕಲ್ ಸಮೇತ ಒಂದು ಬೆಲ್ಟು. ಗೌ ಎಂದರೆ ಅಲ್ಲಿನ ಗೇಲಿಕ್ ಭಾಷೆಯಲ್ಲಿ ಕಮ್ಮಾರ ಎಂದು ಆಮೇಲೆ ಗೊತ್ತಾಯಿತು.

ಆ ಹಲಗೆಯ ದೆಸೆಯಿಂದಲೇ ನನಗೆ ಮೇಷ್ಟ್ರ ಪರಿಚಯವಾದದ್ದು. ನಿವೃತ್ತ ರಸಾಯನಶಾಸ್ತ್ರದ ಶಿಕ್ಷಕರು, ನಮ್ಮ ಪಕ್ಕದ ಮೆಟ್ಟಿಲಿನ ಮನೆಯವರು. ಅವರ ಹೆಸರು ಇಲ್ಲಿ ಬೇಡ. ನಾನು ಮನಸ್ಸಿನಲ್ಲಿ ಮೊದಲ ದಿನದಿಂದಲೂ ಮೇಷ್ಟ್ರು ಎಂದೇ ಕರೆದದ್ದು. ಒಂದು ದಿನ ಏನೋ ಪಾರ್ಸೆಲ್ ಕೊಡಲು ಬಂದವರು ಗೋಡೆಯ ಮೇಲಿನ ಹಲಗೆ ನೋಡಿ ನಿಂತರು. ನಕ್ಕರು. ಆಮೇಲೆ ನಕ್ಕಿದ್ದಕ್ಕೆ ಕ್ಷಮೆ ಕೇಳಿ, ಪಾಠ ಶುರುಮಾಡಿದರು. ಅಡ್ಡಹೆಸರಿಗೊಂದು ಲಾಂಛನ ಅನ್ನುವುದೇ ಇಲ್ಲ. ಸ್ಕಾಟ್ಲೆಂಡಿನಲ್ಲಿ ಲಾಂಛನ ಒಬ್ಬ ಮನುಷ್ಯನ ಸ್ವತ್ತು. ತಂದೆ ಬದುಕಿರುವಾಗ ಮಗನೂ ಅದನ್ನು ಇದ್ದ ಹಾಗೇ ಬಳಸುವಂತಿಲ್ಲ, ಏನಾದರೂ ಗುರುತು ಸೇರಿಸಬೇಕು. ಕಿರಿಯ ಮಕ್ಕಳು ಸಾಮಾನ್ಯವಾಗಿ ಸುತ್ತ ಒಂದು ಅಂಚು ಕಟ್ಟಿಸಿಕೊಳ್ಳುತ್ತಾರೆ. ಇದನ್ನೆಲ್ಲ ನೋಡಿಕೊಳ್ಳಲು ಲಾರ್ಡ್ ಲಯನ್ ಎಂಬ ಅಧಿಕಾರಿ ಇದ್ದಾನೆ, ಅವನದೇ ಕೋರ್ಟು ಇದೆ, ಆ ಕೋರ್ಟಿಗೆ ಒಬ್ಬ ಪ್ರಾಸಿಕ್ಯೂಟರೂ ಇದ್ದಾನೆ. 1672ರ ಕಾಯ್ದೆಯಿಂದ ಶುರುವಾದ ರಿಜಿಸ್ಟರು ಇವತ್ತಿಗೂ ನಡೆಯುತ್ತಿದೆ. ಇನ್ನೊಬ್ಬರ ಲಾಂಛನ ಹಾಕಿಕೊಂಡರೆ ಅಪರಾಧ.

“ಹಾಗಾದರೆ ನಾನು ಅಪರಾಧಿಯಾ?”

“ಬೆಲ್ಟು ಬಕಲ್ ಇದೆಯಲ್ಲ, ಬಚಾವು. ಅದು ಕುಲದ ನಾಯಕನ ಕಡೆಯವನು ಅಂತ ಹೇಳಿಕೊಳ್ಳುವ ಬ್ಯಾಡ್ಜು ಮಾತ್ರ. ಆದರೆ ನೀನು ಯಾವ ನಾಯಕನ ಕಡೆಯವನು ಅಂತ ನಿನಗೇ ಗೊತ್ತಿಲ್ಲ, ಅದೊಂದೇ ತೊಂದರೆ.”

ಮುಂದಿನ ತಿಂಗಳು ಅವರೇ ನನ್ನನ್ನು ಸ್ಕಾಟ್ಲೆಂಡಿನ ಹೆರಾಲ್ಡ್ರಿ ಸೊಸೈಟಿಯ ಒಂದು ಉಪನ್ಯಾಸಕ್ಕೆ ಕರೆದುಕೊಂಡು ಹೋದರು. 1977ರಲ್ಲಿ ಹುಟ್ಟಿದ ಸಂಘ. ಹೆರಾಲ್ಡ್ರಿ ಎಂದರೆ ಲಾಂಛನಗಳ ಶಾಸ್ತ್ರ: ಗುರಾಣಿಯ ಮೇಲೆ ಏನಿರಬೇಕು, ಯಾವ ಬಣ್ಣ, ಯಾರಿಗೆ ಯಾವುದು ಸಲ್ಲುತ್ತದೆ ಎಂಬ ವಿದ್ಯೆ. ಸಂಘದ ಸುದ್ದಿಪತ್ರಿಕೆಯ ಹೆಸರು ‘ಟಾಕ್ ಟೆಂಟ್’. ಸ್ಕಾಟ್ಸ್ ಮಾತಿನಲ್ಲಿ ‘ನಿಗಾ ಇರಲಿ’ ಎಂದ ಹಾಗೆ. ನಾನು ಅಂದುಕೊಂಡಿದ್ದು ಸೂಟು ಹಾಕಿದ ಜಮೀನ್ದಾರರು, ಕೈಗೆ ಉಂಗುರ, ಬಾಯಲ್ಲಿ ಪೈಪು. ಅಲ್ಲಿ ಇದ್ದದ್ದು ಸ್ವೆಟರು ಹಾಕಿದ ಮೂವತ್ತು ಜನ. ಬ್ಯಾಂಕಿನಲ್ಲಿದ್ದವರು, ಚರ್ಚಿನವರು, ಕಸೂತಿ ಹಾಕುವ ಒಬ್ಬ ಹೆಂಗಸು, ಇತಿಹಾಸ ಓದುವ ಇಬ್ಬರು ಹುಡುಗರು. ಕೆಲವರು ತಮ್ಮ ಲಾಂಛನ ನೋಂದಾಯಿಸಿಕೊಂಡಿದ್ದರು. ಮೇಷ್ಟ್ರೂ ಸೇರಿ ಹಲವರಿಗೆ ಅಂಥದೇನೂ ಇರಲಿಲ್ಲ, ಬೇಕು ಎಂದೂ ಇರಲಿಲ್ಲ. ಹದ್ದು ನೋಡಲು ಹೋಗುವವರು ಹದ್ದು ಸಾಕಬೇಕಿಲ್ಲವಲ್ಲ.

ನನಗೆ ಈ ವಿದ್ಯೆ ಹಿಡಿಸಿದ್ದು ರಾಜರಾಣಿಯರ ಕಾರಣಕ್ಕಲ್ಲ, ಅಪ್ಪನ ಕಾರಣಕ್ಕೆ.

ಅಪ್ಪ ಮೈಸೂರಿನಲ್ಲಿ ಬೋರ್ಡು ಬರೆಯುತ್ತಿದ್ದ. ಫ್ಲೆಕ್ಸ್ ಬರುವವರೆಗೆ ಮೂವತ್ತು ವರ್ಷ ಅದೇ ಕಸುಬು. ತಗಡಿಗೆ ಮೊದಲು ಪ್ರೈಮರು, ಸುಣ್ಣ ಮೆತ್ತಿದ ದಾರ ಎಳೆದು ಫಟ್ ಎಂದು ಹೊಡೆದರೆ ನೇರ ಗೆರೆ, ಆಮೇಲೆ ಎನಾಮೆಲ್ ಡಬ್ಬ. ನಾನು ರಜೆಯಲ್ಲಿ ಬ್ರಷ್ ತೊಳೆಯಲು ಕೂರುತ್ತಿದ್ದೆ. ಒಮ್ಮೆ ಒಂದು ಬೇಕರಿಯ ಬೋರ್ಡಿಗೆ ಬಿಳಿ ನೆಲದ ಮೇಲೆ ಹಳದಿ ಅಕ್ಷರ ಬರೆಯಲು ಹೋದೆ. ಅಪ್ಪ ಬ್ರಷ್ ಕಿತ್ತುಕೊಂಡ. “ಲೋ, ತೆಳು ಮೇಲೆ ತೆಳು ಕಾಣಲ್ಲ, ಗಾಢದ ಮೇಲೆ ಗಾಢ ಕಾಣಲ್ಲ. ಬಸ್ಸಲ್ಲಿ ಹೋಗೋನು ಓದ್ಬೇಕು ಕಣ್ಲಾ, ನಿಂತ್ಕೊಂಡ್ ಓದೋನಿಗಲ್ಲ ಬೋರ್ಡು.”

ಮೊದಲ ಉಪನ್ಯಾಸದಲ್ಲಿ ಪರದೆಯ ಮೇಲೆ ಬಂದ ಮೊದಲ ನಿಯಮ ಅದೇ! ಹೆರಾಲ್ಡ್ರಿಯಲ್ಲಿ ಎರಡು ಲೋಹ: ಚಿನ್ನ, ಬೆಳ್ಳಿ. ಬರೆಯುವಾಗ ಹಳದಿ, ಬಿಳಿ. ಮಿಕ್ಕ ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇವು ಬಣ್ಣಗಳು. ಲೋಹದ ಮೇಲೆ ಲೋಹ ಕೂಡದು, ಬಣ್ಣದ ಮೇಲೆ ಬಣ್ಣ ಕೂಡದು. ಕುದುರೆ ಮೇಲೆ ಬರುವವನು ಮುಖ ಮುಚ್ಚಿದ ಶಿರಸ್ತ್ರಾಣ ಹಾಕಿದ್ದರೆ ದೂರದಿಂದ ಗುರುತು ಸಿಗಬೇಕಾದದ್ದು ಗುರಾಣಿ, ಬಾವುಟಗಳಿಂದ ತಾನೇ. ಜೆರುಸಲೇಮ್ ರಾಜ್ಯದ ಬೆಳ್ಳಿ ನೆಲದ ಮೇಲಿನ ಚಿನ್ನದ ಶಿಲುಬೆ ಈ ನಿಯಮ ಮುರಿದದ್ದಕ್ಕೇ ಪ್ರಸಿದ್ಧ. ಎಂಟುನೂರು ವರ್ಷದ ಯುರೋಪಿನ ಶಾಸ್ತ್ರ ಮತ್ತು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಮ್ಮಪ್ಪ ಒಂದೇ ಮಾತು ಹೇಳಿದ್ದರು. ನಾನು ಅವತ್ತೇ ಚಂದಾ ಕಟ್ಟಿದೆ.

ಇನ್ನೊಂದು ವಿಷಯವೂ ನನ್ನನ್ನು ಹಿಡಿದುಕೊಂಡಿತು. ಲಾಂಛನ ಎಂದರೆ ಚಿತ್ರವಲ್ಲ, ಮಾತು. ‘ನೀಲಿ ನೆಲ, ಚಿನ್ನದ ಓರೆಪಟ್ಟಿ’ ಎಂದು ಒಂದು ಸಾಲು ದಾಖಲಾಗಿರುತ್ತದೆ, ಹಳೆಯ ಫ್ರೆಂಚ್ ಬೆರೆತ ಅದರದೇ ಭಾಷೆಯಲ್ಲಿ. ಆ ಸಾಲಿಗೆ ತಪ್ಪದಂತೆ ಯಾವ ಕಲಾವಿದ ಹೇಗೆ ಬರೆದರೂ ಅದು ಅದೇ ಲಾಂಛನ. ನೀಲಿ ಎಷ್ಟು ನೀಲಿ, ಸಿಂಹದ ಬಾಲ ಎಷ್ಟು ಸುರುಳಿ, ಅದು ಬರೆಯುವವನ ಕೈಗೆ ಬಿಟ್ಟದ್ದು. ನಮ್ಮಲ್ಲಿ ಧ್ಯಾನಶ್ಲೋಕ ಇದ್ದ ಹಾಗೆ. ಕೈ ಎಷ್ಟು, ಯಾವ ಕೈಯಲ್ಲಿ ಯಾವ ಆಯುಧ ಎಂದು ಶ್ಲೋಕ ಹೇಳುತ್ತದೆ, ಮುಖದ ಕಳೆ ಶಿಲ್ಪಿಯದು. ಎಡಬಲವೂ ಹಾಗೇ: ಹೆರಾಲ್ಡ್ರಿಯಲ್ಲಿ ಬಲ ಎಂದರೆ ಗುರಾಣಿ ಹಿಡಿದವನ ಬಲ, ನೋಡುವವನಿಗೆ ಎಡ. ಮಿಕ್ಕವರು ಇದಕ್ಕೆ ತಡಬಡಾಯಿಸುತ್ತಿದ್ದಾಗ ನನಗೆ ಕಷ್ಟವೇ ಆಗಲಿಲ್ಲ. ದೇವರ ಬಲಗೈ ಎಂದರೆ ದೇವರದೇ ಬಲಗೈ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇಂಥ ಸಂಘಗಳ ಕಥೆಯನ್ನು ಮೇಷ್ಟ್ರು ಬಿಡಿಬಿಡಿಯಾಗಿ, ಹೆಚ್ಚಾಗಿ ಬಸ್ಸಿನಲ್ಲಿ, ಹೇಳಿದರು. ಇಂಗ್ಲೆಂಡಿನಲ್ಲಿ ಸರ್ಕಾರಿ ಬಾಬತ್ತೆಂದರೆ ಕಾಲೇಜ್ ಆಫ್ ಆರ್ಮ್ಸ್. 1484ರಲ್ಲಿ ಮೂರನೇ ರಿಚರ್ಡ್ ಸನದು ಕೊಟ್ಟ ಸಂಸ್ಥೆ. ಒಟ್ಟು ಹದಿಮೂರು ಅಧಿಕಾರಿಗಳು, ನೀಲಿ ನಿಲುವಂಗಿ, ಕೆಂಪು ಡ್ರ್ಯಾಗನ್ ಎಂಬಂಥ ಅರ್ಥದ ಪದವಿಗಳು. ಅದರ ಹೊರಗೆ, ಯಾವ ಸನದೂ ಇಲ್ಲದೆ, 1947ರಲ್ಲಿ ಜಾನ್ ಬ್ರೂಕ್-ಲಿಟ್ಲ್ ಎಂಬ ಇಪ್ಪತ್ತರ ಹುಡುಗ ಒಂದು ಸಂಘ ಕಟ್ಟಿದ. ಅದೇ ಇವತ್ತಿನ ಹೆರಾಲ್ಡ್ರಿ ಸೊಸೈಟಿ. 1950ರಿಂದ ‘ದಿ ಕೋಟ್ ಆಫ್ ಆರ್ಮ್ಸ್’ ಎಂಬ ಪತ್ರಿಕೆ ತರುತ್ತದೆ, ಆಸಕ್ತರಿಗೆ ಪರೀಕ್ಷೆಗಳನ್ನೂ ನಡೆಸುತ್ತದೆ. ನಮ್ಮ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳು ನೆನಪಾದವು. ಆ ಹುಡುಗ 1956ರಲ್ಲಿ ಕಾಲೇಜಿನೊಳಗೇ ಕೆಲಸಕ್ಕೆ ಸೇರಿದ, ಮುಂದೆ ಅಲ್ಲಿನ ಅತಿ ಹಿರಿಯ ಪದವಿಗಳವರೆಗೆ ಏರಿದ. ಹವ್ಯಾಸದ ಹಿಂಬಾಗಿಲಿಂದ ಅರಮನೆಗೆ ಹೋದವನು.

ನನಗೆ ಹೆಚ್ಚು ಇಷ್ಟವಾದದ್ದು ಅರಸೊತ್ತಿಗೆ ಇಲ್ಲದ ಕಡೆಯ ಸಂಘಗಳು. ಬರ್ಲಿನ್ನಿನ ‘ಹೆರೋಲ್ಡ್’ 1869ರದು. ಮೊದಲ ಮಹಾಯುದ್ಧ ಮುಗಿದು ಜರ್ಮನಿಯ ರಾಜರೆಲ್ಲ ಸಿಂಹಾಸನ ಬಿಟ್ಟು ಹೋದ ಮೇಲೆ ಲಾಂಛನ ದಾಖಲಿಸುವವರು ಯಾರು? 1922ರಲ್ಲಿ ಈ ಸಂಘವೇ ಒಂದು ಪಟ್ಟಿ ತೆರೆಯಿತು. ಅದಕ್ಕೆ ಮುದ್ರೆ ಒತ್ತಲು ದೊರೆ ಇಲ್ಲ, ನಂಬಿಕೆ ಮಾತ್ರ. ಬಾಸ್ಟನ್ನಿನಲ್ಲಿ ವಂಶಾವಳಿಯ ಒಂದು ಸೊಸೈಟಿ 1864ರಲ್ಲೇ, ಅಂದರೆ ಅಂತರ್ಯುದ್ಧ ನಡೆಯುತ್ತಿರುವಾಗಲೇ, ಲಾಂಛನಗಳಿಗೊಂದು ಸಮಿತಿ ಮಾಡಿಕೊಂಡಿತ್ತು. ದೊರೆಯನ್ನು ಓಡಿಸಿದ ದೇಶದಲ್ಲಿ ದೊರೆಗಳ ವಿದ್ಯೆಗೆ ಸಮಿತಿ! ಕೆನಡಾದವರದು ಇನ್ನೊಂದು ಕಥೆ. 1966ರಲ್ಲಿ ಹುಟ್ಟಿದ ಅಲ್ಲಿನ ಸಂಘ ಪಟ್ಟು ಹಿಡಿದು ಅರ್ಜಿ ಹಾಕಿ ಹಾಕಿ, 1988ರಲ್ಲಿ ಲಂಡನ್ನಿನ ಕೈಯಿಂದ ಆ ಅಧಿಕಾರ ಕೆನಡಾಕ್ಕೇ ಬರುವಂತಾಯಿತು. ನಮ್ಮಲ್ಲಿ ಒಂದು ಬಸ್ ಸ್ಟಾಪಿಗೆ ಅಷ್ಟು ವರ್ಷ ಆಗುವುದುಂಟು.

ಅದೇ 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಒಂದು ಹಿತ್ತಲಲ್ಲಿ ಮಧ್ಯಯುಗದ ವೇಷ ಹಾಕಿ ಕತ್ತಿ ಆಡಿದ ಗುಂಪು ಬೆಳೆದು, ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ’ ಆಗಿದೆ. ಅಲ್ಲಿ ಎಲ್ಲವೂ ಆಟ, ಲಾಂಛನ ಮಾತ್ರ ಆಟವಲ್ಲ. ಸದಸ್ಯರು ಆರಿಸಿಕೊಂಡ ಹೆಸರು, ಲಾಂಛನ ಎರಡನ್ನೂ ಪರಿಶೀಲಿಸುವ ಅಧಿಕಾರಿಗಳಿದ್ದಾರೆ. ಇನ್ನೊಬ್ಬರದಕ್ಕೆ ಹತ್ತಿರ ಹೋಯಿತೆಂದರೆ ತಿರಸ್ಕೃತ. ಆಟದ ಅಧಿಕಾರಿಗಳು ನಿಜವಾದವರಿಗಿಂತ ಬಿಗಿ ಎಂದು ಮೇಷ್ಟ್ರಿಗೆ ಅವರ ಮೇಲೆ ಗೌರವ.

ಎರಡನೇ ವರ್ಷ ಮೇಷ್ಟ್ರು ಸಂಘದಲ್ಲಿ ನನಗೂ ಇಪ್ಪತ್ತು ನಿಮಿಷ ಕೊಡಿಸಿದರು. ವಿಷಯ: ಗಂಡಭೇರುಂಡ. ತಯಾರಿ ಜೋರಾಗಿಯೇ ಮಾಡಿದ್ದೆ. ಚಾಲುಕ್ಯರ ವರಾಹ, ಗಂಗರ ಆನೆ, ಹೊಯ್ಸಳರ ಹುಲಿ ಎಂದು ಶುರುಮಾಡಿ, ಶಾಸನಗಳ ಪ್ರಶಸ್ತಿಯಲ್ಲಿ ‘ವರಾಹಲಾಂಛನ’ ಎಂದು ಬಿರುದಿನ ಜೊತೆಗೇ ಗುರುತನ್ನೂ ಸಾರುವ ಪದ್ಧತಿ ಹೇಳಿದೆ. ಆಮೇಲೆ ಬಳ್ಳಿಗಾವಿಯ ಕಂಬದ ಫೋಟೋ ಹಾಕಿದೆ. 1047ರದು. ಅದರ ತುದಿಯಲ್ಲಿರುವುದು ನಾವು ಬಸ್ಸಿನ ಮೇಲೆ ನೋಡುವ ಹಕ್ಕಿ ಅಲ್ಲ. ಮನುಷ್ಯನ ಮೈ, ಎರಡು ಹಕ್ಕಿತಲೆ.

ಅಲ್ಲಿಯವರೆಗೆ ಎಲ್ಲರೂ ಅದನ್ನು ‘ನಿಮ್ಮ ಎರಡು ತಲೆಯ ಹದ್ದು’ ಎನ್ನುತ್ತಿದ್ದರು. ರಷ್ಯಾದ್ದು, ಆಸ್ಟ್ರಿಯಾದ್ದು ನೋಡಿದ ಕಣ್ಣು ತಾನೇ. ಬಳ್ಳಿಗಾವಿ ನೋಡಿ ಸುಮ್ಮನಾದರು. ನಂತರ ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯ: ಹಕ್ಕಿಯೇ, ಆದರೆ ಕೊಕ್ಕಿನಲ್ಲಿ, ಉಗುರಿನಲ್ಲಿ ಆನೆಗಳು. ಇಡೀ ಆನೆ ಎತ್ತಿಕೊಂಡು ಹಾರುವ ಹದ್ದು ನಿಮ್ಮಲ್ಲಿ ಇದ್ದರೆ ತೋರಿಸಿ ಎಂದೆ. ಬೇಲೂರಿನ ಶಿಲ್ಪದ ಸಾಲು ಹೇಳಿದೆ: ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭನನ್ನು ಗಂಡಭೇರುಂಡ. ಕೊನೆಗೆ ಕರ್ನಾಟಕ ಸರ್ಕಾರದ ಲಾಂಛನ. ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡ (ಬಣ್ಣದ ಮೇಲೆ ಲೋಹ, ಅಪ್ಪನೂ ಒಪ್ಪುವಂಥದ್ದು), ಅಕ್ಕಪಕ್ಕ ಗುರಾಣಿ ಹಿಡಿದು ನಿಂತ ಸೊಂಡಿಲಿನ ಸಿಂಹಗಳು, ಅಂದರೆ ಶರಭಗಳು.

ಕಸೂತಿಯ ಹೆಂಗಸು ಕೈ ಎತ್ತಿದರು. “ಒಂದು ನಿಮಿಷ. ಆ ಹಕ್ಕಿ ಶರಭನನ್ನು ತಿನ್ನುತ್ತದೆ ಅಂದಿರಿ. ಆ ಶರಭನೇ ಅದರ ಗುರಾಣಿ ಹಿಡಿದು ನಿಂತಿದೆಯಾ?”

ಹುಟ್ಟಿದಾಗಿನಿಂದ ಸ್ಕೂಲಿನ ಪುಸ್ತಕ, ಪಹಣಿ, ಮಾರ್ಕ್ಸ್ ಕಾರ್ಡಿನ ಮೇಲೆ ಆ ಚಿತ್ರ ನೋಡಿದ್ದೇನೆ. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನರಸಿಂಹನನ್ನು ಅಡಗಿಸಲು ಶಿವ ಶರಭನಾದ, ಶರಭನನ್ನು ಅಡಗಿಸಲು ವಿಷ್ಣು ಗಂಡಭೇರುಂಡನಾದ ಎಂದು ಶೈವರು ವೈಷ್ಣವರು ಕಥೆಗೆ ಕಥೆ ಕಟ್ಟಿ ಹೊಡೆದಾಡಿದ್ದು ಈ ಪ್ರಾಣಿಗಳ ಹೆಗಲ ಮೇಲೆ. ವಿಧಾನಸೌಧದ ಕಾಗದಕ್ಕೆ ಬರುವ ಹೊತ್ತಿಗೆ ಇಬ್ಬರೂ ಒಂದೇ ಕಚೇರಿಯ ನೌಕರರು. ನಾನು ತಡವರಿಸುತ್ತಿದ್ದಾಗ ಮೇಷ್ಟ್ರು ಹಿಂದಿನಿಂದ, “ನಮ್ಮದೇನು ಕಮ್ಮಿ?” ಎಂದರು. ಇಂಗ್ಲೆಂಡಿನ ಸಿಂಹಕ್ಕೂ ಸ್ಕಾಟ್ಲೆಂಡಿನ ಒಂಟಿಕೊಂಬಿನ ಕುದುರೆಗೂ ಜಗಳ ಎಂದು ಮಕ್ಕಳ ಪದ್ಯವೇ ಇದೆ. 1603ರಲ್ಲಿ ಎರಡು ಕಿರೀಟ ಒಬ್ಬನ ತಲೆಗೆ ಬಂತು, ಅವತ್ತಿನಿಂದ ಎರಡೂ ಒಂದೇ ಗುರಾಣಿ ಹಿಡಿದು ನಿಂತಿವೆ. ಸ್ಕಾಟ್ಲೆಂಡಿನಲ್ಲಿ ಬರೆಯುವಾಗ ಮಾತ್ರ ಬಲಗಡೆಯ ಮರ್ಯಾದೆಯ ಜಾಗ ಕುದುರೆಗೆ, ಸಿಂಹ ಎಡಕ್ಕೆ.

ಚಹಾದ ಹೊತ್ತಿಗೆ ಬಂದ ಪ್ರಶ್ನೆಗೆ ಮಾತ್ರ ನಾನು ಸರಿಯಾಗಿ ಉತ್ತರ ಕೊಟ್ಟೆನೋ ಇಲ್ಲವೋ. ಆ ಇತಿಹಾಸದ ಹುಡುಗರಲ್ಲೊಬ್ಬ ಕೇಳಿದ: “ಈಗ ಅದು ಯಾರದು?” ಅವರ ಶಾಸ್ತ್ರದಲ್ಲಿ ಮೊದಲ ಪ್ರಶ್ನೆಯೇ ಅದು. ವಿಜಯನಗರದ್ದು, ಮೈಸೂರು ಒಡೆಯರದು, ಸರ್ಕಾರದ್ದು, 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯದ್ದು, ಕೆಎಸ್‌ಆರ್‌ಟಿಸಿ ಬಸ್ಸಿನದು ಎಂದು ಎಣಿಸುತ್ತ ಹೋದೆ. ಗರಡಿಮನೆಯ ಬೋರ್ಡಿಗೆ ಅಪ್ಪ ಬರೆದದ್ದು, ಆಟೋದ ಹಿಂಬದಿ, ಬೈಕಿನ ಟ್ಯಾಂಕು, ಹುಡುಗರ ತೋಳಿನ ಹಚ್ಚೆ. “ಎಲ್ಲರದೂ,” ಅಂದೆ.

“ಯಾರಾದರೂ ತಪ್ಪಾಗಿ ಬರೆದರೆ?”

“ಬಯ್ತಾರೆ.”

ನಕ್ಕರು. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ. ಒಂದು ಗರಡಿಯವರು ಅಪ್ಪನನ್ನು ನಿಜವಾಗಿಯೂ ಬಯ್ದಿದ್ದರು, ಹಕ್ಕಿಯ ಎದೆ ಸಣ್ಣದಾಯಿತೆಂದು. ಪೈಲ್ವಾನರ ಹಕ್ಕಿಗೆ ಪೈಲ್ವಾನರ ಎದೆ ಬೇಡವೇ! ಅಪ್ಪ ಅರ್ಧ ದಿನ ಕೂತು ದಪ್ಪ ಮಾಡಿಕೊಟ್ಟ. ಕೋರ್ಟಿಲ್ಲ, ರಿಜಿಸ್ಟರಿಲ್ಲ, ಆದರೂ ಒಂದು ಲೆಕ್ಕವಿತ್ತು. ಅತ್ತ ಮ್ಯಾಂಚೆಸ್ಟರಿನಲ್ಲಿ 1954ರಲ್ಲಿ ಒಂದು ನಾಟಕಶಾಲೆ ತನ್ನ ಪರದೆಯ ಮೇಲೆ ನಗರಸಭೆಯ ಲಾಂಛನ ಹಾಕಿಕೊಂಡಿತೆಂದು, ಇನ್ನೂರಕ್ಕೂ ಹೆಚ್ಚು ವರ್ಷ ಬಾಗಿಲು ಹಾಕಿದ್ದ ಒಂದು ಕೋರ್ಟನ್ನೇ ತೆರೆದು ವಿಚಾರಣೆ ಮಾಡಿದರು. ನಗರಸಭೆ ಗೆದ್ದಿತು. ಅವರ ದಾರಿಯೇ ಬೇರೆ, ನಮ್ಮ ದಾರಿಯೇ ಬೇರೆ. ಯಾವುದು ಮೇಲೆಂದು ಹೇಳುವ ಹುಂಬತನ ಬೇಡ. ನಮ್ಮ ಸಡಿಲಿಕೆಯಿಂದ ನಷ್ಟವೂ ಇದೆ. ಅಚ್ಯುತರಾಯನ ಹಕ್ಕಿಗೂ ಮೈಸೂರಿನ ಹಕ್ಕಿಗೂ ಇರುವ ವ್ಯತ್ಯಾಸ ಹೇಳಬಲ್ಲ ಮೂವತ್ತು ಜನ ಸ್ವೆಟರು ಹಾಕಿಕೊಂಡು ಒಂದು ಸಂಜೆ ಕೂರುವ ಜಾಗ ಮೈಸೂರಿನಲ್ಲಿ ನಾನಂತೂ ಕಂಡಿಲ್ಲ. 2018ರ ಮಾರ್ಚ್‌ನಲ್ಲಿ ಹಳದಿ, ಬಿಳಿ, ಕೆಂಪಿನ ನಾಡಧ್ವಜದ ವಿನ್ಯಾಸ ಹೊರಬಿದ್ದಾಗ ಟಿವಿಯಲ್ಲಿ ದಿನವಿಡೀ ರಾಜಕೀಯ ಕಾದಿದರು. ಹಳದಿಯ ಪಕ್ಕ ಬಿಳಿ ದೂರದಿಂದ ಹೇಗೆ ಕಾಣುತ್ತದೆ ಎಂದು ಕೇಳಿದ್ದು ನನಗೆ ಗೊತ್ತಿರುವಂತೆ ನಮ್ಮಪ್ಪ ಒಬ್ಬನೇ, ಅದೂ ಊಟದ ತಟ್ಟೆ ಮುಂದೆ ಕೂತು.

ಮೇಷ್ಟ್ರಿಗೆ ತೀರಾ ಪ್ರಿಯವಾದ ಪ್ರಕರಣವೊಂದಿತ್ತು. 1385ರಲ್ಲಿ ಎರಡನೇ ರಿಚರ್ಡ್ ದಂಡೆತ್ತಿ ಸ್ಕಾಟ್ಲೆಂಡಿಗೆ ಬಂದಾಗ ಸ್ಕ್ರೋಪ್, ಗ್ರೋವ್ನರ್ ಎಂಬ ಇಬ್ಬರು ಒಂದೇ ಲಾಂಛನ ಹೊತ್ತು ಬಂದಿದ್ದರು: ನೀಲಿ ನೆಲ, ಚಿನ್ನದ ಓರೆಪಟ್ಟಿ. ವ್ಯಾಜ್ಯ ಐದು ವರ್ಷ ಎಳೆಯಿತು. ನೂರಾರು ಸಾಕ್ಷಿಗಳು, ಅವರಲ್ಲಿ ಕವಿ ಚಾಸರ್ ಕೂಡ ಒಬ್ಬ. ಅವನ ಹೇಳಿಕೆ ಹೀಗೆ: ಲಂಡನ್ನಿನ ಫ್ರೈಡೇ ಸ್ಟ್ರೀಟಿನಲ್ಲಿ ಹೋಗುತ್ತಿದ್ದೆ, ಒಂದು ಛತ್ರದ ಮುಂದೆ ಈ ಗುರುತಿನ ಹೊಸ ಬೋರ್ಡು ನೇತು ಹಾಕಿತ್ತು, ಸ್ಕ್ರೋಪರದಾ ಎಂದು ಕೇಳಿದೆ, ಅಲ್ಲ ಗ್ರೋವ್ನರ್ ಅವರದು ಎಂದರು, ಆ ಹೆಸರು ನಾನು ಕೇಳಿದ್ದು ಅವತ್ತೇ ಮೊದಲು. ಗ್ರೋವ್ನರ್ ಸೋತ. ಬೇರೆ ಲಾಂಛನ, ಚಿನ್ನದ ಗೋಧಿಯ ಕಂತೆ, ಹಾಕಿಕೊಂಡ. ಐನೂರು ವರ್ಷ ಕಳೆದ ಮೇಲೆ ಅದೇ ವಂಶದ ಡ್ಯೂಕನೊಬ್ಬ ತನ್ನ ರೇಸ್ ಕುದುರೆಗೆ ‘ಬೆಂಡ್ ಆರ್’, ಅಂದರೆ ಚಿನ್ನದ ಓರೆಪಟ್ಟಿ ಎಂದೇ ಹೆಸರಿಟ್ಟ. ಆ ಕುದುರೆ 1880ರ ಡರ್ಬಿ ಗೆದ್ದಿತು. ಹಳೇ ಹೊಟ್ಟೆಕಿಚ್ಚಿಗೂ ಒಂದು ಬಾಳಿಕೆ ಇರುತ್ತದೆ! ಮೈಸೂರು ಒಡೆಯರಿಗಿದ್ದ ‘ಬಿರುದೆಂತೆಂಬರ ಗಂಡ’ ಎಂಬ ಬಿರುದಿನ ಅರ್ಥ ಹೇಳಿದೆ: ನನಗೆ ಇಂಥ ಬಿರುದಿದೆ ಎಂದು ಜಂಬ ಕೊಚ್ಚುವವರಿಗೆಲ್ಲ ಗಂಡ. ಮೇಷ್ಟ್ರು ಅದನ್ನು ಡೈರಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರು, ಮೂರು ಸಲ ಕಾಗುಣಿತ ತಿದ್ದಿಸಿಕೊಂಡು.

ವಾಪಸು ಹೊರಡುವ ಮುಂಚೆ ಅವರೇ ಒಮ್ಮೆ ಕೇಳಿದ್ದರು, ಲಾರ್ಡ್ ಲಯನ್‌ಗೆ ನೀನೂ ಅರ್ಜಿ ಹಾಕಿ ನೋಡಬಾರದೇ ಎಂದು. ಒಂದು ರಾತ್ರಿ ಕೂತು ಯೋಚಿಸಿದೆ ಕೂಡ. ನಮ್ಮಜ್ಜಿ ಅತ್ತಿ ಬೆಡಗಿನವಳು, ಅಂದರೆ ಅತ್ತಿಮರವೇ ಅವಳ ಕುಲದ ಗುರುತು, ಸಾಯುವ ತನಕ ಅತ್ತಿ ಸೌದೆ ಒಲೆಗೆ ಇಟ್ಟವಳಲ್ಲ. ಒಂದು ಅತ್ತಿಮರ, ಅಡ್ಡಲಾಗಿ ಅಪ್ಪನ ಬ್ರಷ್ಷು. ಫೋನಿನಲ್ಲಿ ಅಪ್ಪನಿಗೆ ಹೇಳಿದೆ.

“ಬರ್ಕೊಡಕ್ಕೆ ಕಾಸು ಅವ್ರು ಕೊಡ್ತಾರಾ, ನಾವ್ ಕೊಡ್ಬೇಕಾ?”

“ನಾವೇ ಕಣಪ್ಪ. ಸಾವಿರಾರು ಪೌಂಡು.”

“ಹಂಗಾದ್ರೆ ಬ್ಯಾಡ ಬುಡು. ಬಂದ್ಮೇಲೆ ನಾನೇ ಬರ್ಕೊಡ್ತೀನಿ.”

ಊರಿಗೆ ಬಂದ ಮೇಲೆ ಅತ್ತಿಮರದ ಮಾತು ಯಾಕೋ ಏಳಲೇ ಇಲ್ಲ. ಒಂದು ಭಾನುವಾರ ಸ್ಕ್ರೋಪ್ ಗ್ರೋವ್ನರ್ ಕಥೆ ಹೇಳಿದೆ. “ಅಷ್ಟೇನಾ? ನೀಲಿ ಮೇಲೊಂದು ಹಳದಿ ಪಟ್ಟಿ? ಅದಕ್ಕೆ ಐದೊರ್ಷ ಕೇಸಾ?” ಎಂದು ಅಪ್ಪ ಎದ್ದು ಅಟ್ಟದಿಂದ ತಗಡಿನ ತುಂಡೊಂದು ಇಳಿಸಿದ. ಎನಾಮೆಲ್ ಡಬ್ಬ ಒಣಗಿತ್ತು, ಹೊಸದು ತಂದೆ. ನೀಲಿ ಒಣಗಲು ಒಂದು ದಿನ ಬಿಟ್ಟು, ಮಾರನೆಯ ದಿನ ಸುಣ್ಣದ ದಾರ ಹಿಡಿಯಲು ನನ್ನನ್ನು ಕರೆದ. ದಾರದ ತುದಿ ಹಿಡಿದು ಮೂಲೆಗೆ ಒತ್ತಿದೆ. ಅಪ್ಪ ಎಳೆಯುವ ಮುಂಚೆ ತಲೆ ಎತ್ತಿ ಕೇಳಿದ: “ಯಾವ ಮೂಲೆಯಿಂದ್ಲಾ? ನೋಡೋನ್ ಕಡೆಯಿಂದ್ಲಾ, ಹಿಡ್ಕಂಡೋನ್ ಕಡೆಯಿಂದ್ಲಾ?” ಹಿಡಿದುಕೊಂಡವನ ಬಲದಿಂದ ಅಂದೆ. ಫಟ್ ಎಂದು ಗೆರೆ ಬಿತ್ತು.

ಒಣಗಲೆಂದು ಅದನ್ನು ಗೇಟಿಗೆ ನೇತು ಹಾಕಿದ್ದೆವು. ಎದುರು ಮನೆಗೆ ಬಂದ ಯಾರೋ ಸ್ಕೂಟರ್ ನಿಲ್ಲಿಸಿದವರು ಬೋರ್ಡು ನೋಡಿ ಮತ್ತೆ ಸ್ಟಾರ್ಟ್ ಮಾಡುತ್ತ, “ಇಲ್ಲಿ ಪಾರ್ಕಿಂಗ್ ಇಲ್ವಾ ಯಜಮಾನ್ರೇ?” ಎಂದರು.

“ಅದು ನೀಲಿ ಮೇಲೆ ಕೆಂಪು,” ಅಂದ ಅಪ್ಪ, ಬ್ರಷ್ಷು ಒರೆಸುತ್ತ. “ಸರ್ಕಾರದೋರ್ದು. ದೂರಕ್ಕೆ ಕಾಣಲ್ಲ.”